ಅದೇ ಕೆರೆ, ಅದೇ ಜಾಗ, ವರ್ಷ ವರ್ಷ: ವಲಸೆ ಬಾತುಗಳ ಲೆಕ್ಕ ಇಡುವುದು ಹೇಗೆ

ಡಿಸೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ಇದ್ದೇ ಇರುತ್ತದೆ: ಕೆರೆಗೆ ಬಂದ ವಿದೇಶಿ ಅತಿಥಿಗಳು. ಫೋಟೊ ಚೆನ್ನಾಗಿರುತ್ತದೆ. ಕೆಳಗೆ ‘ಸಾವಿರಾರು ಹಕ್ಕಿಗಳು’ ಎಂದು ಬರೆದಿರುತ್ತದೆ. ಸಾವಿರಾರು ಅಂದರೆ ಎಷ್ಟು? ಎರಡು ಸಾವಿರವೋ, ಎಂಟು ಸಾವಿರವೋ? ಹೋದ ವರ್ಷಕ್ಕಿಂತ ಜಾಸ್ತಿಯೋ, ಕಡಿಮೆಯೋ? ಇದಕ್ಕೆ ಉತ್ತರ ಬೇಕಿದ್ದರೆ ಯಾರಾದರೂ ಪ್ರತಿ ವರ್ಷ ಅದೇ ಏರಿಯ ಮೇಲೆ ನಿಂತು, ಅದೇ ರೀತಿ ಎಣಿಸಿ, ಬರೆದಿಟ್ಟಿರಬೇಕು.

ಈ ಕೆಲಸಕ್ಕೆ ಪಕ್ಷಿತಜ್ಞರೇ ಆಗಬೇಕಿಲ್ಲ. ಹದಿನೈದು ಇಪ್ಪತ್ತು ಹಕ್ಕಿಗಳ ಗುರುತು, ಒಂದು ಬೈನಾಕ್ಯುಲರ್, ಜೊತೆಗೊಬ್ಬ ಗೆಳೆಯ, ಇವಿಷ್ಟಿದ್ದರೆ ಶುರು ಮಾಡಬಹುದು. ಕಷ್ಟ ಇರುವುದು ಐದನೇ ವರ್ಷವೂ ಅದನ್ನೇ, ಹಾಗೇ ಮಾಡುವುದರಲ್ಲಿ. ಅಪರೂಪದ ಹಕ್ಕಿ ಹುಡುಕುವ ಚಪಲ ಇರುವವರಿಗೆ ಇದು ಸ್ವಲ್ಪ ಬೇಜಾರಿನ ಕೆಲಸ ಅನ್ನಿಸಬಹುದು.

ಮಾತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ಇಟ್ಟುಕೊಳ್ಳೋಣ. ಕೆಂಪೇಗೌಡರ ಮಾಗಡಿ ಬೇರೆ, ಇದು ಶಿರಹಟ್ಟಿ ಕಡೆಯದು. ಸುಮಾರು 54 ಹೆಕ್ಟೇರಿನ ಕೆರೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಲ್ಲಿ ಚಳಿಗಾಲ ಕಳೆಯುತ್ತವೆ. 2024ರಲ್ಲಿ ಈ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಮೂರೂ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಅದಕ್ಕೂ ಮುಂಚೆ 2022ರಲ್ಲಿ ರಂಗನತಿಟ್ಟು ಸೇರಿತ್ತು. ಆ ಪಟ್ಟಿಗೆ ಸೇರಲು ಒಂಬತ್ತು ಅಳತೆಗೋಲುಗಳಿವೆ, ಒಂದಕ್ಕೆ ಹೊಂದಿದರೂ ಸಾಕು. ಅದರಲ್ಲಿ ಎರಡು ನೇರವಾಗಿ ಹಕ್ಕಿ ಎಣಿಕೆಯವು. ಒಂದು, ಜಾಗಕ್ಕೆ ವರ್ಷ ವರ್ಷ 20,000 ಅಥವಾ ಅದಕ್ಕಿಂತ ಜಾಸ್ತಿ ನೀರುಹಕ್ಕಿ ಬರುತ್ತಿರಬೇಕು. ಇನ್ನೊಂದು, ಒಂದು ಜಾತಿಯ ಒಟ್ಟು ಹಕ್ಕಿಗಳಲ್ಲಿ ಶೇ 1ರಷ್ಟಾದರೂ ಅಲ್ಲಿರಬೇಕು. ಇದನ್ನು ತೋರಿಸಲು ಒಂದು ವರ್ಷದ ಲೆಕ್ಕ ಸಾಲುವುದಿಲ್ಲ.

ಕೆರೆ ಆರಿಸುವಾಗ

ಮನೆಯಿಂದ ಅರ್ಧ ಗಂಟೆಯಲ್ಲಿ ತಲುಪುವ ಕೆರೆ ಇರಲಿ. ನೂರು ಕಿಲೋಮೀಟರ್ ದೂರದ ಪ್ರಸಿದ್ಧ ಕೆರೆಗೆ ಎರಡು ವರ್ಷ ಉತ್ಸಾಹದಿಂದ ಹೋಗುತ್ತೀರಿ. ಮೂರನೇ ವರ್ಷ ಮದುವೆಯೋ ಪರೀಕ್ಷೆಯೋ ಅಡ್ಡ ಬರುತ್ತದೆ.

ಇನ್ನೊಂದು ಅಪಾಯವೂ ಇದೆ. ಈಗ ಹಕ್ಕಿ ತುಂಬಿರುವ ಕೆರೆಯನ್ನೇ ಎಲ್ಲರೂ ಆರಿಸುತ್ತಾರೆ. ಅತ್ಯುತ್ತಮ ವರ್ಷದಲ್ಲಿ ಎಣಿಕೆ ಶುರುವಾದರೆ ಮುಂದಿನ ವರ್ಷಗಳೆಲ್ಲ ಇಳಿಕೆಯಂತೆಯೇ ಕಾಣುತ್ತವೆ. ನಿಜಕ್ಕೂ ಇಳಿದಿದೆಯೋ, ಮೊದಲ ವರ್ಷವೇ ವಿಪರೀತವಾಗಿತ್ತೋ ಹೇಳಲಾಗುವುದಿಲ್ಲ. ಹಾಗಾಗಿ ಒಳ್ಳೆಯ ಕೆರೆಯ ಜೊತೆಗೆ ಸುತ್ತಲಿನ ಎರಡು ಸಾಧಾರಣ ಕೆರೆಗಳನ್ನೂ ಸೇರಿಸಿಕೊಳ್ಳಿ. ಈಗ ಹಕ್ಕಿ ಇಲ್ಲದಿದ್ದರೂ ಪರವಾಗಿಲ್ಲ. ಆ ಎರಡು ಕೆರೆ ಯಾಕೆ ಬೇಕು ಅನ್ನುವುದು ಮಳೆಯ ಮಾತು ಬಂದಾಗ ಗೊತ್ತಾಗುತ್ತದೆ.

ಕೆರೆ ಅರಣ್ಯ ಇಲಾಖೆಯ ಸಂರಕ್ಷಣಾ ಮೀಸಲು ಆಗಿದ್ದರೆ ಮೊದಲೇ ಅನುಮತಿ ಕೇಳಿ. ಊರ ಕೆರೆಯಾದರೆ ಪಂಚಾಯಿತಿಯವರಿಗೂ, ಮೀನು ಹಿಡಿಯುವ ಗುತ್ತಿಗೆದಾರರಿಗೂ ಒಂದು ಮಾತು ಹೇಳಿಡಿ. ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತವರನ್ನು ಜನ ಅನುಮಾನದಿಂದಲೇ ನೋಡುತ್ತಾರೆ, ಅಲ್ವಾ?

ನಿಲ್ಲುವ ಜಾಗ ಗಟ್ಟಿ ಮಾಡಿಕೊಳ್ಳಿ

ಎಣಿಕೆಗೆ ಮುಂಚೆ ಒಂದು ದಿನ ಇಡೀ ಕೆರೆಯ ಸುತ್ತ ನಡೆಯಿರಿ. ಏರಿ, ತೂಬು, ಕೋಡಿ, ಹಿನ್ನೀರು, ಜೊಂಡು ಬೆಳೆದ ಮೂಲೆ, ದನ ಮೇಯುವ ಕೆರೆಯಂಗಳ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊಬೈಲಿನ ಉಪಗ್ರಹ ನಕ್ಷೆ ನೆರವಿಗೆ ಬರುತ್ತದೆ. ಆದರೆ ಅದರಲ್ಲಿ ಕಾಣುವ ನೀರು ಯಾವ ತಿಂಗಳದ್ದು ಎಂದು ನೋಡಿಕೊಳ್ಳಿ.

ಆಮೇಲೆ ಮೂರೋ ನಾಲ್ಕೋ ನಿಲ್ಲುವ ಜಾಗ ಆರಿಸಿ. ಬೆಳಿಗ್ಗೆ ಎಣಿಸುವುದಾದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಬಾತುಗಳೂ ಕಪ್ಪಾಗೇ ಕಾಣುತ್ತವೆ. ಪ್ರತಿ ಜಾಗಕ್ಕೂ ಬದಲಾಗದ ಗುರುತು ಇರಲಿ: ತೂಬಿನ ಕಂಬ, ಗುಡಿಯ ಕಟ್ಟೆ, ದೊಡ್ಡ ಮರ. ಜಿಪಿಎಸ್ ಅಂಕಿಯನ್ನೂ ಬರೆದಿಡಿ. ಎರಡು ಜಾಗದಿಂದ ಕಾಣುವ ನೀರು ಒಂದರ ಮೇಲೊಂದು ಬರುತ್ತದೆ. ಆಗ ಅದೇ ಹಕ್ಕಿಯನ್ನು ಎರಡು ಸಲ ಎಣಿಸುವುದು ಸುಲಭ. ಅದಕ್ಕೆ ‘ಒಣಗಿದ ಜಾಲಿ ಮರದಿಂದ ಪಂಪ್‌ಹೌಸ್‌ವರೆಗೆ ಒಂದನೇ ಭಾಗ’ ಅನ್ನುವ ಹಾಗೆ ಕೆರೆಯನ್ನು ಪಾಲು ಮಾಡಿಕೊಳ್ಳಿ. ಯಾವ ಜಾಗದಿಂದಲೂ ಕಾಣದ ಮೂಲೆಯೊಂದು ಉಳಿದೇ ಉಳಿಯುತ್ತದೆ. ಅದನ್ನೂ ನಕ್ಷೆಯಲ್ಲಿ ಗುರುತು ಹಾಕಿ. ಮುಂದೊಂದು ವರ್ಷ ಜೊಂಡು ಕಿತ್ತು ಆ ಮೂಲೆ ಕಾಣತೊಡಗಿದರೆ ಹಕ್ಕಿ ದಿಢೀರನೆ ಜಾಸ್ತಿಯಾದಂತೆ ಕಾಣುತ್ತದೆ. ಕಾರಣ ಆ ನಕ್ಷೆ ಹೇಳುತ್ತದೆ.

ಯಾವ ದಿನ, ಯಾವ ಹೊತ್ತು

ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ. ಇದು 1967ರಲ್ಲಿ ಶುರುವಾದ ಅಂತರರಾಷ್ಟ್ರೀಯ ನೀರುಹಕ್ಕಿ ಗಣತಿಯ ಭಾಗ. ಭಾರತದಲ್ಲಿ ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದನ್ನು ಹೊಂದಿಸುತ್ತವೆ. ಎಣಿಕೆ ಜನವರಿ ನಡುಭಾಗದಲ್ಲಿ ನಡೆಯುತ್ತದೆ. ಯಾಕೆ ಜನವರಿ ಅಂದರೆ, ಅಕ್ಟೋಬರ್ ನವೆಂಬರಿನಲ್ಲಿ ಹಕ್ಕಿಗಳು ಇನ್ನೂ ಬರುತ್ತಿರುತ್ತವೆ. ಕೆಲವು ಇಲ್ಲಿ ಎರಡು ದಿನ ತಂಗಿ ಇನ್ನೂ ದಕ್ಷಿಣಕ್ಕೆ ಹೋಗುತ್ತವೆ. ಫೆಬ್ರವರಿ ಕಳೆಯುತ್ತಿದ್ದಂತೆ ವಾಪಸ್ ಹೊರಡುತ್ತವೆ. ಜನವರಿಯಲ್ಲಿ ಓಡಾಟ ಕಡಿಮೆ. ಎಲ್ಲ ದೇಶಗಳಲ್ಲೂ ಅದೇ ಹೊತ್ತಿಗೆ ಎಣಿಸಿದರೆ ಒಂದೇ ಗುಂಪನ್ನು ಎರಡು ಕಡೆ ಎಣಿಸುವುದೂ ತಪ್ಪುತ್ತದೆ.

ವರ್ಷಕ್ಕೆ ಒಂದೇ ದಿನ ಸಾಧ್ಯ ಎಂದಾದರೆ ಜನವರಿಯ ಎರಡನೇ ಅಥವಾ ಮೂರನೇ ಭಾನುವಾರ ಇಟ್ಟುಕೊಳ್ಳಿ. ಸಂಕ್ರಾಂತಿ ದಿನ ಮಾತ್ರ ಬೇಡ. ಅವತ್ತು ದನ ತೊಳೆಯುವವರು, ಊಟ ಕಟ್ಟಿಕೊಂಡು ಬರುವವರು, ಕೆರೆ ದಂಡೆ ಗಿಜಿಗಿಜಿ. ಸಮಯ ಇದ್ದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಸಲ ಹೋಗಿ. ಆಗ ಮೊದಲ ಗುಂಪು ಯಾವಾಗ ಬಂತು, ಕೊನೆಯದು ಯಾವಾಗ ಹೋಯಿತು ಅನ್ನುವುದೂ ಸಿಗುತ್ತದೆ.

‘ಹಕ್ಕಿ ನೋಡಲು ಬೆಳಗಾಗುವ ಮುಂಚೆ ಹೋಗಬೇಕು’ ಅನ್ನುವ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ಪಟ್ಟೆತಲೆ ಹೆಬ್ಬಾತುಗಳು ಸಂಜೆ ಮೇಲೆ ಸುತ್ತಲಿನ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಹೋಗುತ್ತವೆ. ಬೆಳಿಗ್ಗೆ ಕೆರೆಗೆ ಮರಳಿ ಹಗಲೆಲ್ಲ ಅಲ್ಲೇ ಇರುತ್ತವೆ. ನಸುಕಿನಲ್ಲಿ ಹೋದರೆ ಕೆರೆ ಖಾಲಿ ಇರಬಹುದು. ಎಂಟೂವರೆ ಒಂಬತ್ತಕ್ಕೆ ತುಂಬಿರಬಹುದು. ಹೊಲ ಕಾಯುವ ರೈತರನ್ನು ಕೇಳಿ, ಯಾವ ಹೊತ್ತಿಗೆ ಏಳುತ್ತವೆ, ಯಾವ ದಿಕ್ಕಿಗೆ ಹೋಗುತ್ತವೆ ಎಂದು ಚೊಕ್ಕವಾಗಿ ಹೇಳುತ್ತಾರೆ. ಬೆಳೆ ಹಾಳಾಗುವುದು ಅವರದ್ದೇ ಅಲ್ವಾ. ನಿಮ್ಮ ಕೆರೆಗೆ ಸರಿಹೋಗುವ ಹೊತ್ತನ್ನು ಮೊದಲ ವರ್ಷವೇ ಕಂಡುಕೊಳ್ಳಿ. ಆಮೇಲೆ ಅದನ್ನು ಬದಲಿಸಬೇಡಿ.

ಅಘನಾಶಿನಿಯಂಥ ಅಳಿವೆಯಲ್ಲಿ ಗಡಿಯಾರಕ್ಕಿಂತ ಉಬ್ಬರ ಇಳಿತ ಮುಖ್ಯ. ಇಳಿತದಲ್ಲಿ ಹಕ್ಕಿಗಳು ಕೆಸರಿನ ಬಯಲಿನಲ್ಲೆಲ್ಲ ಚದುರಿರುತ್ತವೆ. ಉಬ್ಬರ ಬಂದಾಗ ಒಣ ದಿಬ್ಬಗಳ ಮೇಲೆ ಒತ್ತಾಗಿ ಸೇರುತ್ತವೆ. ಎಣಿಸಲು ಆಗ ಸುಲಭ.

ಸಾಮಾನು, ಗುರುತು

8x42 ಅಥವಾ 10x42 ಬೈನಾಕ್ಯುಲರ್ ಸಾಕು (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ). ದೊಡ್ಡ ಕೆರೆಗೆ ಟ್ರೈಪಾಡಿನ ಮೇಲೆ ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನ ದುರ್ಬೀನು, ಬೇಕಾಗುತ್ತದೆ. ಒಂದು ಸ್ಕೋಪನ್ನು ಇಡೀ ತಂಡ ಹಂಚಿಕೊಳ್ಳಬಹುದು. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಇಬ್ಬನಿಗೆ ಶಾಯಿ ಹರಡುತ್ತದೆ. ಒತ್ತಿದರೆ ಒಂದೊಂದೇ ಅಂಕಿ ಏರುವ ಕೌಂಟರ್ ಇದ್ದರೆ ಕಣ್ಣು ತೆಗೆಯದೆ ಎಣಿಸಬಹುದು. ಡ್ರೋನ್ ಬೇಡವೇ ಬೇಡ. ಅನುಮತಿಯ ಮಾತು ಹಾಗಿರಲಿ, ಗುಂಪು ಪೂರ್ತಿ ಎದ್ದು ಹಾರಿದರೆ ಅವತ್ತಿನ ಎಣಿಕೆ ಅಲ್ಲಿಗೇ ಮುಗಿಯಿತು.

ಕೆರೆಯಲ್ಲಿ ಈಜುವ ಬಾತುಗಳೆಲ್ಲ ವಲಸೆಯವಲ್ಲ. ಚುಕ್ಕೆಕೊಕ್ಕಿನ ಬಾತು, ಸಿಳ್ಳೆ ಬಾತು ಇಲ್ಲಿಯವೇ. ನಾಮಗೋಳಿಗಳಲ್ಲಿ ಇಲ್ಲಿನವೂ ಇರುತ್ತವೆ, ಉತ್ತರದಿಂದ ಬಂದವೂ ಸೇರಿರುತ್ತವೆ. ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು ಚಳಿಗಾಲಕ್ಕೆ ಬರುವವು. ಗಂಡುಗಳನ್ನು ಗುರುತಿಸುವುದು ಸುಲಭ. ತಲೆ ಬಿಸಿ ಮಾಡುವವು ಕಂದು ಬಣ್ಣದ ಹೆಣ್ಣುಗಳು. ಬಣ್ಣ ಬಿಟ್ಟು ಆಕಾರ ನೋಡಿ. ಚಲುಕದ ಬಾತಿನ ಕೊಕ್ಕು ತುದಿಯಲ್ಲಿ ಅಗಲ. ಸೂಜಿಬಾಲದ್ದು ಕತ್ತು ಉದ್ದ, ಮೈ ತೆಳು. ಎಷ್ಟು ನೋಡಿದರೂ ಗೊತ್ತಾಗದಿದ್ದರೆ ‘ಗುರುತು ಸಿಗದ ಬಾತು, 40’ ಎಂದು ಬರೆಯಿರಿ. ಇದರಲ್ಲಿ ನಾಚಿಕೆ ಏನಿಲ್ಲ. ಸುಮ್ನೆ ಊಹಿಸಿ ಯಾವುದೋ ಜಾತಿಗೆ ಸೇರಿಸಿದರೆ ಮುಂದೆ ಅದನ್ನು ಬೇರ್ಪಡಿಸಲು ಯಾರಿಂದಲೂ ಆಗುವುದಿಲ್ಲ. ಊರೂರಿಗೆ ಹಕ್ಕಿ ಹೆಸರು ಬೇರೆ ಇರುವುದರಿಂದ ವೈಜ್ಞಾನಿಕ ಹೆಸರನ್ನೂ ಜೊತೆಗೆ ಬರೆದಿಡಿ. ಪಟ್ಟೆತಲೆ ಹೆಬ್ಬಾತು ಅಂದರೆ ಅನ್ಸರ್ ಇಂಡಿಕಸ್.

ಎಣಿಸುವ ಬಗೆ

ಬಂದ ಕೂಡಲೇ ಎಣಿಸಬೇಡಿ. ಹತ್ತು ನಿಮಿಷ ಸುಮ್ಮನೆ ಕೂತಿರಿ. ನಿಮ್ಮನ್ನು ಕಂಡು ಒಳಕ್ಕೆ ಈಜಿದ ಹಕ್ಕಿಗಳು ದಂಡೆಗೆ ಮರಳುತ್ತವೆ. ಅಷ್ಟರಲ್ಲಿ ಯಾವ ಯಾವ ಜಾತಿ ಇವೆ ಎಂದು ಒಂದು ಪಟ್ಟಿ ಮಾಡಿಕೊಳ್ಳಿ.

ಮೊದಲು ಎದ್ದು ಹೋಗಬಹುದಾದವನ್ನು, ಕಡಿಮೆ ಇರುವವನ್ನು ಎಣಿಸಿ. ಆಮೇಲೆ ದೊಡ್ಡ ಗುಂಪುಗಳಿಗೆ ಬನ್ನಿ. ಒಂದು ಜಾತಿಗೆ ಎಡದಿಂದ ಬಲಕ್ಕೆ ಒಂದೇ ಸುತ್ತು. ನಡುವೆ ಹಿಂದಕ್ಕೆ ಹೋಗಬೇಡಿ. ಇನ್ನೂರು ಮುನ್ನೂರರವರೆಗೆ ಒಂದೊಂದಾಗೇ ಎಣಿಸಬಹುದು.

ಅದಕ್ಕಿಂತ ಜಾಸ್ತಿ ಇದ್ದರೆ ತುಂಡು ಲೆಕ್ಕ ಹಾಕಬೇಕು. ಗುಂಪಿನ ಒಂದು ತುದಿಯಲ್ಲಿ ಇಪ್ಪತ್ತು ಹಕ್ಕಿ ಸರಿಯಾಗಿ ಎಣಿಸಿ. ಅವು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಿಗೆ ಕೂರಿಸಿಕೊಳ್ಳಿ. ಅಂಥ ಐದು ತುಂಡು ಸೇರಿದರೆ ನೂರು. ಈಗ ಆ ನೂರರ ತುಂಡನ್ನು ಗುಂಪಿನುದ್ದಕ್ಕೂ ಇಡುತ್ತಾ ಹೋಗಿ. ಗುಂಪಿನ ನಡುವೆ ಹಕ್ಕಿ ಒತ್ತಾಗಿರುತ್ತವೆ, ಅಂಚಿನಲ್ಲಿ ತೆಳುವಾಗಿರುತ್ತವೆ. ಹಾಗಾಗಿ ನಡುವೆ ಬಂದಾಗ ಇಪ್ಪತ್ತರ ತುಂಡನ್ನು ಮತ್ತೆ ಅಳೆದುಕೊಳ್ಳಿ. ಹೆಚ್ಚಿನವರು ದೊಡ್ಡ ಗುಂಪನ್ನು ಇದ್ದದ್ದಕ್ಕಿಂತ ಕಡಿಮೆ ಅಂದಾಜು ಮಾಡುತ್ತಾರೆ. ಇದಕ್ಕೆ ಮನೆಯಲ್ಲೇ ಅಭ್ಯಾಸ ಮಾಡಬಹುದು. ಗುಂಪಿನ ಫೋಟೊ ತೆರೆದು ಹತ್ತು ಸೆಕೆಂಡಿನಲ್ಲಿ ಒಂದು ಅಂಕಿ ಹೇಳಿ. ಆಮೇಲೆ ಒಂದೊಂದೇ ಹಕ್ಕಿಯ ಮೇಲೆ ಚುಕ್ಕೆ ಇಡುತ್ತಾ ಎಣಿಸಿ. ನಿಮ್ಮ ಕಣ್ಣು ಎಷ್ಟು ತಪ್ಪುತ್ತದೆ ಅನ್ನುವುದು ಬೇಗ ಗೊತ್ತಾಗುತ್ತದೆ.

ನಾಲ್ಕು ಜಾತಿ ಬೆರೆತ ಗುಂಪಾದರೆ ಮೊದಲು ಒಟ್ಟು ಎಣಿಸಿ. ನಂತರ ಸ್ಕೋಪಿನಲ್ಲಿ ಮೂರು ಬೇರೆ ಬೇರೆ ಕಡೆ ನೂರು ನೂರು ಹಕ್ಕಿ ನೋಡಿ, ಯಾವುದು ಎಷ್ಟು ಎಂದು ಬರೆದುಕೊಳ್ಳಿ. ಆ ಪಾಲನ್ನು ಒಟ್ಟಿಗೆ ಹಂಚಿದರಾಯಿತು. ಒಂದೇ ಕಡೆ ನೋಡಿದರೆ ಮೋಸ ಹೋಗುತ್ತೀರಿ, ಒಂದೇ ಜಾತಿಯವು ಒಟ್ಟಿಗೇ ಇರುತ್ತವೆ.

ಇಬ್ಬರಿದ್ದರೆ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ. ಮುಗಿಯುವವರೆಗೆ ಅಂಕಿ ಹೇಳಿಕೊಳ್ಳಬೇಡಿ. ಒಬ್ಬರದ್ದು ಕಿವಿಗೆ ಬಿದ್ದರೆ ಇನ್ನೊಬ್ಬರದ್ದು ತಾನಾಗೇ ಅತ್ತ ಜಾರುತ್ತದೆ. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮತ್ತೆ ಎಣಿಸಿ. ಎರಡೂ ಅಂಕಿ ಪುಸ್ತಕದಲ್ಲಿರಲಿ.

ನಡುವೆ ಸೆಳೆವ ಎಂಬ ಬೇಟೆ ಹಕ್ಕಿ ಬಂದರೆ ಇಡೀ ಗುಂಪು ಮೇಲೇಳುತ್ತದೆ. ಗಾಬರಿ ಬೇಡ. ಹಾರುವ ಗುಂಪಿನ ಎರಡು ಮೂರು ಫೋಟೊ ತೆಗೆಯಿರಿ. ಆಕಾಶದ ಹಿನ್ನೆಲೆಯಲ್ಲಿ ಎಣಿಸುವುದು ನೀರಿಗಿಂತ ಸುಲಭ. ಮತ್ತೆ ಕೂತ ಮೇಲೆ ಆ ಭಾಗವನ್ನು ಮೊದಲಿನಿಂದ ಎಣಿಸಿ. ಎಣಿಸಿ ಮುಗಿದ ಭಾಗದಿಂದ ಎಣಿಸದ ಭಾಗಕ್ಕೆ ಹಾರಿದವನ್ನು ಕಳೆಯಲು ಮರೆಯಬೇಡಿ. ಗುಳುಮುಳುಕಗಳು ಮುಳುಗಿ ಏಳುತ್ತಲೇ ಇರುತ್ತವೆ. ಎರಡು ಸಲ ಎಣಿಸಿ ಜಾಸ್ತಿ ಬಂದದ್ದನ್ನು ಬರೆಯಿರಿ. ಜೊಂಡಿನೊಳಗಿನ ಜಂಬುಕೋಳಿಗಳ ವಿಷಯದಲ್ಲಿ ನಿಮ್ಮ ಅಂಕಿ ಯಾವಾಗಲೂ ‘ಕನಿಷ್ಠ ಇಷ್ಟು’ ಅಷ್ಟೇ.

ಪುಸ್ತಕದಲ್ಲಿ ಏನಿರಬೇಕು

ದಿನಾಂಕ, ಶುರು ಮಾಡಿದ ಮತ್ತು ಮುಗಿಸಿದ ಹೊತ್ತು, ಎಷ್ಟು ಜನ, ಯಾವ ಉಪಕರಣ, ಮಂಜು ಗಾಳಿ ಹೇಗಿತ್ತು, ಇವು ಎಲ್ಲರೂ ಬರೆಯುತ್ತಾರೆ. ಎರಡು ಸಂಗತಿ ಮಾತ್ರ ಬಿಟ್ಟುಹೋಗುತ್ತವೆ.

ಒಂದು ಸೊನ್ನೆ. ಪ್ರತಿ ವರ್ಷ ಬರುತ್ತಿದ್ದ ಸೂಜಿಬಾಲದ ಬಾತು ಈ ಸಲ ಇಲ್ಲ. ಪುಸ್ತಕದಲ್ಲಿ ಏನೂ ಬರೆಯದಿದ್ದರೆ ಹತ್ತು ವರ್ಷದ ನಂತರ ಓದುವವರಿಗೆ ಅದು ಇರಲಿಲ್ಲವೋ, ನೀವು ನೋಡಲಿಲ್ಲವೋ ತಿಳಿಯುವುದಿಲ್ಲ. ‘ಸೂಜಿಬಾಲದ ಬಾತು: 0’ ಎಂದು ಬರೆಯಲೇಬೇಕು. ಕೆರೆ ಪೂರ್ತಿ ಬತ್ತಿದ್ದರೂ ಹೋಗಿ, ಎಲ್ಲದಕ್ಕೂ ಸೊನ್ನೆ ಬರೆದು ಬನ್ನಿ. ಹಕ್ಕಿ ಇಲ್ಲದ ವರ್ಷವೂ ಲೆಕ್ಕದ ವರ್ಷವೇ.

ಇನ್ನೊಂದು ನೀರು. ತೂಬಿನ ಬಳಿ ಅಳತೆ ಕಲ್ಲು ಇದ್ದರೆ ಅದನ್ನು ಓದಿ. ಇಲ್ಲದಿದ್ದರೆ ನೀರಿನಿಂದ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿವೆ ಎಂದು ಎಣಿಸಿ. ಕೋಡಿ ಹರಿಯುತ್ತಿದೆಯೇ, ಹಿನ್ನೀರಿನಲ್ಲಿ ಕೆಸರು ಕಾಣುತ್ತಿದೆಯೇ ಬರೆಯಿರಿ. ನಿಲ್ಲುವ ಪ್ರತಿ ಜಾಗದಿಂದ ಅದೇ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ. ಸೂಜಿಬಾಲದ ಬಾತಿನಂಥವು ತಲೆ ಕೆಳಗೆ ಮಾಡಿ, ಬಾಲ ಮೇಲೆ ಎತ್ತಿ ಮೇಯುತ್ತವೆ. ನೀರು ಆಳವಾದರೆ ಅವುಗಳ ಕೊಕ್ಕು ತಳ ಮುಟ್ಟುವುದಿಲ್ಲ. ಕೆರೆ ತುಂಬಿ ತುಳುಕಿದ ವರ್ಷ ಬಾತು ಕಡಿಮೆಯಾದರೆ ಆಶ್ಚರ್ಯಪಡಬೇಕಿಲ್ಲ. ಅಂತರಗಂಗೆ ಎಷ್ಟು ಹಬ್ಬಿದೆ, ತೆಪ್ಪ ಎಷ್ಟು, ಬಲೆ ಇದೆಯೇ, ನಾಯಿಗಳಿವೆಯೇ, ಸುತ್ತ ಯಾವ ಬೆಳೆ, ಇವಕ್ಕೂ ಒಂದೊಂದು ಸಾಲು ಕೊಡಿ.

ಹೆಬ್ಬಾತುಗಳ ಕತ್ತನ್ನು ವಿಶೇಷವಾಗಿ ನೋಡಿ. ಮಂಗೋಲಿಯಾದಲ್ಲಿ ಕತ್ತುಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಬರೆದು ಫೋಟೊ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಓದಲು ಆಗಲಿಲ್ಲವೆಂದು ಹತ್ತಿರ ಹೋಗಿ ಓಡಿಸಬೇಡಿ. ನಾಳೆಯೂ ಅಲ್ಲೇ ಇರುತ್ತದೆ.

ಸತ್ತ ಹಕ್ಕಿ ಕಂಡರೆ

ಒಂದೆರಡು ಸತ್ತಿದ್ದರೆ ಬರೆದುಕೊಳ್ಳಿ. ಒಂದೇ ಕಡೆ ಹಲವು ಸತ್ತಿದ್ದರೆ, ಕತ್ತು ಎತ್ತಲಾಗದೆ ನೀರಿನಲ್ಲಿ ತೇಲುತ್ತಿದ್ದರೆ ಮುಟ್ಟಬೇಡಿ. ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ಅವತ್ತೇ ಹೇಳಿ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬೊಟುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದ ರೋಗದಿಂದ ಸಾವಿರಾರು ಹಕ್ಕಿಗಳು ಸತ್ತವು. 2020ರ ಕೊನೆಯಲ್ಲಿ ಹಿಮಾಚಲದ ಪಾಂಗ್ ಜಲಾಶಯಕ್ಕೆ ಹಕ್ಕಿಜ್ವರ ಬಂದಾಗ ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ. ಆ ದಿನ ಬೇರೆ ಕೆರೆಗೆ, ಕೋಳಿ ಫಾರಂಗೆ ಅದೇ ಬೂಟಿನಲ್ಲಿ ಹೋಗಬೇಡಿ.

ಅಂಕಿ ಓದುವಾಗ ಅವಸರ ಬೇಡ

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ವರ್ಷ ಸುತ್ತಲಿನ ಕೆರೆಗಳು ಬತ್ತಿ, ನೀರಿರುವ ಒಂದೇ ಕೆರೆಗೆ ಹಕ್ಕಿಗಳೆಲ್ಲ ಬಂದು ಸೇರಬಹುದು. ಅಂಕಿ ಏರುತ್ತದೆ. ಒಳ್ಳೆ ಮಳೆಯಾದ ವರ್ಷ ಎಲ್ಲ ಕೆರೆಗೂ ಹಂಚಿಹೋಗುತ್ತವೆ. ಅಂಕಿ ಇಳಿಯುತ್ತದೆ. ಒಂದೇ ಕೆರೆಯ ಲೆಕ್ಕ ಹಿಡಿದು ಮಾತಾಡಿದರೆ ಬರವೇ ಹಕ್ಕಿಗೆ ಒಳ್ಳೆಯದು ಎಂಬಂತಾಗುತ್ತದೆ. ಆ ಎರಡು ಸಾಧಾರಣ ಕೆರೆಗಳು ಬೇಕಾಗುವುದು ಇದಕ್ಕೇ. ಮೂರನ್ನೂ ಒಂದೇ ದಿನ ಎಣಿಸಿ, ಒಟ್ಟು ಸೇರಿಸಿ ನೋಡಿ.

ಸರಾಸರಿಯನ್ನೂ ಪೂರ್ತಿ ನಂಬಬೇಡಿ. ಉದಾಹರಣೆಗೆ ಐದು ವರ್ಷದ ಅಂಕಿ 310, 280, 2,900, 260, 330 ಎಂದುಕೊಳ್ಳಿ. ಸರಾಸರಿ 816. ಆದರೆ ಅಷ್ಟರ ಹತ್ತಿರದ ಹಕ್ಕಿ ಆ ಕೆರೆಗೆ ಯಾವ ವರ್ಷವೂ ಬಂದಿಲ್ಲ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ: 310. ಕೆರೆಯ ನಿಜವಾದ ಸ್ಥಿತಿ ಅದು. 2,900 ಬಂದ ವರ್ಷ ಏನಾಗಿತ್ತು ಎಂದು ನೀರಿನ ಸಾಲಿನಲ್ಲಿ ಹುಡುಕಿ.

ಐದು ವರ್ಷ ಆಗುವವರೆಗೆ ‘ಕಡಿಮೆಯಾಗಿವೆ’ ಎಂದು ಹೇಳಿಕೆ ಕೊಡಬೇಡಿ. ಹತ್ತಾದರೆ ಇನ್ನೂ ಒಳ್ಳೆಯದು. ಇಳಿಕೆ ಖಚಿತವಾದರೂ ತಪ್ಪು ನಿಮ್ಮ ಕೆರೆಯದ್ದೇ ಆಗಿರಬೇಕಿಲ್ಲ. ಈ ಹಕ್ಕಿಗಳು ಬರುವ ವಲಸೆ ದಾರಿ, ಅಂದರೆ ಮಧ್ಯ ಏಷ್ಯಾದ ಹಾರುದಾರಿ, ಸುಮಾರು 30 ದೇಶಗಳನ್ನು ಹಾಯುತ್ತದೆ. ದೇಶದ ಸಾವಿರಾರು ಹವ್ಯಾಸಿಗಳ ದಾಖಲೆ ಸೇರಿಸಿ ತಯಾರಾದ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಚಲುಕದ ಬಾತಿನಂಥ ಸಾಮಾನ್ಯ ಹಕ್ಕಿಯೂ ಇಳಿಯುತ್ತಿದೆ ಎಂದು ಗುರುತಿಸಿತು. ನಿಮ್ಮ ಕೆರೆಯ ಅಂಕಿಯನ್ನು ಇಂಥ ದೊಡ್ಡ ಲೆಕ್ಕದ ಪಕ್ಕ ಇಟ್ಟಾಗಲೇ ಊರ ಸಮಸ್ಯೆ ಯಾವುದು, ದಾರಿಯ ಸಮಸ್ಯೆ ಯಾವುದು ಎಂದು ಸ್ವಲ್ಪ ಬಿಡಿಸಿ ನೋಡಬಹುದು.

ಲೆಕ್ಕ ನಿಮ್ಮ ಪುಸ್ತಕದಲ್ಲೇ ಉಳಿಯಬಾರದು

ಎಣಿಸಿದ ದಿನ ಸಂಜೆಯೇ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಹಾಕಿ. ಕಂಡ ಎಲ್ಲ ಜಾತಿಯನ್ನೂ ಸೇರಿಸಿ ‘ಪೂರ್ಣ ಪಟ್ಟಿ’ ಎಂದು ಗುರುತಿಸಿ. ಹಾಗಿದ್ದರೇ ಆ ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅವತ್ತು ಕಂಡಿರಲಿಲ್ಲ ಎಂದು ಅರ್ಥ. ಜನವರಿಯ ಲೆಕ್ಕ ನಿಮ್ಮ ರಾಜ್ಯದ ನೀರುಹಕ್ಕಿ ಗಣತಿ ಸಂಯೋಜಕರಿಗೆ ಹೋಗಲಿ. ಇನ್ನೊಂದು ಪ್ರತಿ ಅರಣ್ಯ ಇಲಾಖೆಗೆ. ಊರ ಪಂಚಾಯಿತಿಗೆ ಒಂದೇ ಪುಟ ಸಾಕು: ಈ ವರ್ಷದ ಅಂಕಿ, ಹಿಂದಿನ ನಾಲ್ಕು ವರ್ಷದ ಅಂಕಿ, ನೀರಿನ ಮಟ್ಟ. ಹೂಳೆತ್ತುವ ಯೋಜನೆ ಬಂದಾಗ ಹಿನ್ನೀರಿನ ತೆಳು ನೀರನ್ನು ಹಾಗೇ ಬಿಡಿ ಎಂದು ಕೇಳಲು ಆ ಪುಟ ಉಪಯೋಗಕ್ಕೆ ಬರುತ್ತದೆ.

ಇಂಥ ಕೆಲಸ ನಿಲ್ಲುವುದು ಹಕ್ಕಿ ಬಾರದೆ ಅಲ್ಲ, ಎಣಿಸುವವರಿಗೆ ವರ್ಗವಾಗಿ ಅಥವಾ ಮದುವೆಯಾಗಿ. ಹಾಗಾಗಿ ಮೊದಲ ವರ್ಷದಿಂದಲೇ ಒಬ್ಬ ಕಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಹತ್ತಿರದ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು, ಕೆರೆ ಕಾಯುವ ವಾಚರ್, ಯಾರಾದರೂ ಸರಿ. ಜವಾಬ್ದಾರಿ ಬಿಟ್ಟುಕೊಡುವ ಮುಂಚೆ ಎರಡು ಚಳಿಗಾಲ ಇಬ್ಬರೂ ಒಂದೇ ಜಾಗದಿಂದ ಬೇರೆ ಬೇರೆ ಎಣಿಸಿ, ಇಬ್ಬರ ಅಂಕಿಯನ್ನೂ ಬರೆದಿಡಿ. ಹೊಸಬರ ಕಣ್ಣು ನಿಮ್ಮದಕ್ಕಿಂತ ಜಾಸ್ತಿ ಹೇಳುತ್ತದೋ ಕಡಿಮೆ ಹೇಳುತ್ತದೋ ಗೊತ್ತಾದರೆ, ಮುಂದಿನ ಅಂಕಿ ಬದಲಾದಾಗ ಬದಲಾದದ್ದು ಹಕ್ಕಿಯೋ ಎಣಿಸುವವರೋ ಎಂದು ಹೇಳಬಹುದು. ನಕ್ಷೆ, ಫೋಟೊ, ಪುಸ್ತಕದ ಒಂದು ಪ್ರತಿ ಅವರ ಮನೆಯಲ್ಲೂ ಇರಲಿ.